ದುರ್ಗದ ಬೈಲಿಗೆ ಒಂದು ಹಗ್ಗ ಕಟ್ಟಿ

ಗೆ,
ಹುಬ್ಬಳ್ಳಿಯ ಹಳೇ ಪೇಟೆಯ ಬೀದಿಗಳ ಬಗ್ಗೆ ತೀರ್ಮಾನ ಮಾಡುವ ಎಲ್ಲ ಮಾನ್ಯರಿಗೆ,

ವಿಷಯ: ದುರ್ಗದ ಬೈಲು ಮತ್ತು ಸುತ್ತಲಿನ ಗಲ್ಲಿಗಳಲ್ಲಿ ಸಂಜೆ ಹೊತ್ತು ಗಾಡಿ ಓಡಾಟ ಬಂದ್ ಮಾಡಿ, ನಡೆಯುವವರಿಗೆ ದಾರಿ ಬಿಡಿಸುವ ಕುರಿತು.

ಮಾನ್ಯರೇ,

ಈ ಪತ್ರದ ಮೇಲೆ ಒಬ್ಬರ ಹೆಸರು ಬರೆದಿಲ್ಲ. ಸೊಕ್ಕಿನಿಂದ ಅಲ್ಲ. ಯಾರ ಹೆಸರು ಬರೆಯಬೇಕು ಅಂತ ಗೊತ್ತಾಗಲಿಲ್ಲ, ಅಷ್ಟೇ. ಹೋದ ವರ್ಷ ಇದೇ ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ರಸ್ತೆ ನಮ್ಮದು, ಗಾಡಿ ಓಡಾಟ ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಗೆ ಹೋದೆ. ಗಾಡಿ ನಮ್ಮದು, ಆದರೆ ರಸ್ತೆ ಬಂದ್ ಮಾಡಬೇಕಾದರೆ ಅವರು ಬರೆದು ಕೊಡಬೇಕು ಅಂದರು. ಎರಡೂ ಕಡೆ ಕುರ್ಚಿ ಕೊಟ್ಟು ಕೂಡಿಸಿದರು, ಚಹಾ ತರಿಸಿದರು. ಅದನ್ನೂ ಹೇಳಬೇಕು. ಅರ್ಜಿ ಮಾತ್ರ ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲೇ ಇದೆ. ಅದಕ್ಕೇ ಈ ಸಲ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ, ಊರ ಮಂದಿಯ ಎದುರಿಗೇ.

ನಾನು ಕಂಚಗಾರ ಗಲ್ಲಿಯ ಭಾಂಡೆ, ಅಂದರೆ ಪಾತ್ರೆ ಅಂಗಡಿಯವನು. ಅಪ್ಪ ಕೂತಿದ್ದ ಗಾದಿಯ ಮೇಲೇ ಕೂತು ಮೂವತ್ತು ವರ್ಷ ಆಯಿತು. ಪೇಟೆಯಲ್ಲಿ ಗಾಡಿ ಬಂದ್ ಮಾಡಿ ಅಂತ ಅಂಗಡಿಯವನೇ ಕೇಳುತ್ತಿದ್ದಾನಲ್ಲ, ಇವನಿಗೆ ವ್ಯಾಪಾರ ಬೇಡವಾ ಅಂತ ನಿಮಗೆ ಅನ್ನಿಸಬಹುದು. ವ್ಯಾಪಾರ ಬೇಕು ಅಂತಲೇ ಕೇಳುತ್ತಿದ್ದೇನೆ.

ಮೊದಲು ನಮ್ಮವ್ವನ ವಿಷಯ. ಹೋದ ವರ್ಷ ನಾಗರ ಪಂಚಮಿಗೆ ಎರಡು ದಿನ ಮುಂಚೆ ಅವ್ವ ಬೈಲಿಗೆ ಬಂದಿದ್ದಳು. ಮೊಮ್ಮಕ್ಕಳಿಗೆ ಆಡಲು ಕೊಬ್ಬರಿ ಬಟ್ಟಲು ಬೇಕಿತ್ತು. ಅವಳಿಗೆ 74 ವರ್ಷ. ಕೊಬ್ಬರಿಯನ್ನು ಒಂದೊಂದೇ ಕಿವಿಯ ಹತ್ತಿರ ಹಿಡಿದು, ಬೆರಳಿಂದ ಬಾರಿಸಿ ನೋಡಿ ಆರಿಸುತ್ತಾಳೆ. ಹಾಗೆ ಆರಿಸಿದ ಎಂಟು ಬಟ್ಟಲು ಚೀಲದಲ್ಲಿದ್ದವು. ಹಿಂದಿನಿಂದ ಬಂದ ಬೈಕಿನ ಹ್ಯಾಂಡಲ್ ಚೀಲದ ಹಿಡಿಕೆಗೆ ಸಿಕ್ಕಿತು. ಚೀಲದ ಜೊತೆ ಅವ್ವನೂ ಬಿದ್ದಳು. ಬಲಗೈ ಮುಂಗೈ ಮುರಿಯಿತು. ಕೊಬ್ಬರಿ ಬಟ್ಟಲು ಉರುಳಿಕೊಂಡು ಹೋದವು. ನಾಲ್ಕೈದು ಅಲ್ಲೇ ಗಾಡಿಗಳ ಗಾಲಿಗೆ ಸಿಕ್ಕಿ ಚೂರಾದವು.

ಬೈಕಿನ ಹುಡುಗ ಕೆಟ್ಟವನಲ್ಲ. ನಿಂತ. ಇಳಿದು ಎಬ್ಬಿಸಿದ. ಆದರೆ ಎಬ್ಬಿಸುತ್ತಲೇ, "ಅಜ್ಜಿ, ಸ್ವಲ್ಪ ನೋಡಿ ನಡೀಬೇಕಲ್ರೀ" ಅಂದ. ಅವ್ವ ಆ ನೋವಿನಲ್ಲೂ, "ನೋಡೇ ನಡದೇನಪ್ಪಾ, ಹೆಜ್ಜಿ ಇಡಾಕ ಜಾಗಾ ಎಲ್ಲೈತಿ ತೋರ್ಸು" ಅಂದಳಂತೆ. ಆ ಹುಡುಗ ಸುತ್ತ ನೋಡಿ ಸುಮ್ಮನಾದನಂತೆ.

ಅವ್ವ ಕೇಳಿದ್ದನ್ನೇ ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಒಂದು ಸಂಜೆ ಗಾಡಿ ಬಿಟ್ಟು ಬೈಲಿಗೆ ಬನ್ನಿ. ಅಂಗಡಿಯ ಮೆಟ್ಟಿಲಿಗೆ ತಾಗಿ ಎರಡೂ ಬದಿ ಬೈಕುಗಳ ಸಾಲು. ಅದರ ಮುಂದೆ ಹೂವಿನವರು, ಹಣ್ಣಿನವರು. ನಡುವೆ ಉಳಿದ ಜಾಗದಲ್ಲಿ ಎದುರುಬದುರು ಬೈಕು, ಆಟೋ. ದಸರೆ, ದೀಪಾವಳಿ ಬಂದರೆ ಸೀರೆ ತೆಗೆಯಲು ಒಂದು ಕಾರು ಒಳಗೆ ನುಗ್ಗಿರುತ್ತದೆ. ಆ ಒಂದು ಕಾರಿನ ಹಿಂದೆ ಇಡೀ ಪೇಟೆ ಹಾರ್ನ್ ಹೊಡೆಯುತ್ತ ನಿಂತಿರುತ್ತದೆ. ಇಷ್ಟರ ಸಂದಿಯಲ್ಲಿ ಕೂಸು ಎತ್ತಿಕೊಂಡವರು, ಚೀಲ ಹಿಡಿದವರು ಓರೆಯಾಗಿ, ಉಸಿರು ಹಿಡಿದು ದಾಟುತ್ತಾರೆ. ನಡೆಯುವ ದಾರಿ ಕಡಿಮೆ ಅಂದರೆ 1.8 ಮೀಟರ್ ಅಗಲ ಬಿಡುವಾಗಿರಬೇಕು ಅಂತ ರಸ್ತೆ ಕಟ್ಟುವ ನಿಯಮ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಅಷ್ಟು ಬಿಡುವು ಸಿಗಬೇಕಾದರೆ ರಾತ್ರಿ ಹನ್ನೊಂದು ಹೊಡೆಯಬೇಕು.

ಈ ಬೀದಿಗಳನ್ನು ಗಾಡಿಗೆ ಅಂತ ಕಟ್ಟಿದ್ದೇ ಅಲ್ಲ. ಬೈಲು ಅಂದರೆ ಬಯಲು. ಕೋಟೆಯ ಮುಂದಿನ ಬಯಲೇ ದುರ್ಗದ ಬೈಲು. ದುರ್ಗ ಹೋಯಿತು, ಬಯಲೂ ಹೋಯಿತು, ಹೆಸರು ಮಾತ್ರ ಬಾಯಲ್ಲಿ ಉಳಿಯಿತು. ಹಳೇ ಹುಬ್ಬಳ್ಳಿ, ಅಂದರೆ ರಾಯರ ಹುಬ್ಬಳ್ಳಿ, ಇದಕ್ಕಿಂತ ಹಿಂದಿನದು. ಅದು ಹತ್ತಿಗೆ ಹೆಸರಾದ ವ್ಯಾಪಾರದ ಊರು. ಇಂಗ್ಲಿಷರು ಅಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ ಇಟ್ಟಿದ್ದರು. 1673ರಲ್ಲಿ ಶಿವಾಜಿಯ ಸೈನ್ಯ ಬಂದು ಊರನ್ನು ಲೂಟಿ ಮಾಡಿತು. ಲೂಟಿ ಮಾಡುವಷ್ಟು ಸರಕು ಇತ್ತು ಅಂತಾಯಿತಲ್ಲ. ಆಮೇಲೆ ಊರು ಸವಣೂರಿನ ನವಾಬರ ಕೈಗೆ ಬಂತು. ಅವರ ಕಾಲದಲ್ಲಿ ಬಸಪ್ಪ ಶೆಟ್ಟರು ಅನ್ನುವ ವ್ಯಾಪಾರಿ ಈ ದುರ್ಗದ ಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಹೆಚ್ಚುಕಡಿಮೆ ಮುನ್ನೂರು ವರ್ಷದ ಹಿಂದಿನ ಮಾತು. ಈ ಊರು ಕಟ್ಟಿದ್ದು ರಾಜನಲ್ಲ, ಒಬ್ಬ ಅಂಗಡಿಕಾರ. ಅಂಗಡಿಯವನಾಗಿ ನನಗೆ ಇದನ್ನು ಹೇಳಲು ಸ್ವಲ್ಪ ಜಾಸ್ತಿಯೇ ಖುಷಿ, ಅದನ್ನು ಕ್ಷಮಿಸಿ.

ಶೆಟ್ಟರು ಪೇಟೆ ಹಾಕುವಾಗ ಯಾವುದನ್ನು ಅಳತೆಗೆ ಹಿಡಿದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದೊಡ್ಡ ಬೀದಿಗೆ ಒಂದು ಚಕ್ಕಡಿ. ಗಲ್ಲಿಗಳಿಗೆ ಹೇರು ಹೊತ್ತ ಎತ್ತು, ಇಲ್ಲವೇ ತಲೆ ಮೇಲೆ ಗಂಟು ಹೊತ್ತ ಒಬ್ಬ ಮನುಷ್ಯ. ಅದಕ್ಕಿಂತ ಅಗಲ ಯಾಕೆ ಬೇಕಿತ್ತು? ಗಿರಾಕಿ ನಡೆದು ಬರುತ್ತಿದ್ದ. ಒಂದು ಅಂಗಡಿಯಲ್ಲಿ ದರ ಕೇಳಿ, ಎದುರು ಅಂಗಡಿಗೆ ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದ. ಹೆಸರುಗಳನ್ನೇ ನೋಡಿ. ಜವಳಿ ಸಾಲು ಅಂದರೆ ಬಟ್ಟೆ ಅಂಗಡಿಗಳ ಸಾಲು. ಕಂಚಗಾರ ಗಲ್ಲಿ ಅಂದರೆ ಕಂಚು ಹಿತ್ತಾಳೆಯವರ ಗಲ್ಲಿ. ಒಂದು ಸಾಮಾನಿಗೆ ಹತ್ತು ಅಂಗಡಿ ಒಟ್ಟೊಟ್ಟಿಗೆ ಯಾಕೆ ಕೂತವು? ಗಿರಾಕಿ ಸಾಲು ಹಿಡಿದು ನಡೆಯುತ್ತ ಒಂದಕ್ಕೊಂದು ತೂಗಿ ನೋಡಲಿ ಅಂತ. ನಡಿಗೆ ತೆಗೆದುಬಿಟ್ಟರೆ ಸಾಲಿಗೆ ಅರ್ಥವೇ ಇಲ್ಲ. ಬ್ರಾಡ್‌ವೇ, ಅಂದರೆ ಅಗಲ ದಾರಿ, ಅಂತ ಒಂದು ಬೀದಿಗೆ ಹೆಸರಿಟ್ಟವರು ಯಾರೋ, ಅವರು ಈಗ ಬಂದು ಸಂಜೆ ಆರಕ್ಕೆ ಅಲ್ಲಿ ನಿಲ್ಲಬೇಕು. ಹೆಸರು ಅವರೇ ಬದಲಿಸುತ್ತಾರೆ.

ನವಾಬರ ನಂತರ ಹೊಸ ಹುಬ್ಬಳ್ಳಿ ಸಾಂಗ್ಲಿಯ ದೊರೆಗಳಾದ ಪಟವರ್ಧನರ ಕೈ ಸೇರಿತ್ತು. 1820ರಲ್ಲಿ ಅವರು ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. 1880ರ ದಶಕದಲ್ಲಿ ರೈಲು ಬಂತು, ರೈಲಿನ ವರ್ಕ್‌ಶಾಪ್ ಬಂತು. ಊರು ಸ್ಟೇಷನ್ ಕಡೆಗೆ ಬೆಳೆಯಿತು. ಆ ಕಡೆಯ ರಸ್ತೆಗಳನ್ನು ಗಾಲಿಗೆ ಅಂತಲೇ ಅಗಲ ಮಾಡಿ ಹಾಕಿದರು. ಈ ಕಡೆಯ ಪೇಟೆ ಕಾಲಿಗೆ ಉಳಿಯಿತು. ನಾನು ಚಿಕ್ಕವನಿದ್ದಾಗಲೂ ಹಾಗೇ ಇತ್ತು. ಟಾಂಗಾ ಬೈಲಿನ ಅಂಚಿಗೆ ನಿಲ್ಲುತ್ತಿತ್ತು, ಮಂದಿ ಇಳಿದು ಒಳಗೆ ನಡೆದು ಬರುತ್ತಿದ್ದರು. ಗಲ್ಲಿಯೊಳಗೆ ಗಾಲಿ ಅಂತ ಇದ್ದದ್ದು ಹಮಾಲರ ಕೈಗಾಡಿ. "ಹಾದೀ... ಹಾದೀ..." ಅಂತ ಕೂಗುತ್ತ ಬರುತ್ತಿದ್ದರು, ಮಂದಿ ಸರಿದು ನಿಲ್ಲುತ್ತಿದ್ದರು. ಹಾರ್ನ್ ಇರಲಿಲ್ಲ, ಬಾಯಿ ಇತ್ತು.

ಗಾಡಿ ಬಂದ್ ಮಾಡುವುದು ಹೊಸ ಯೋಜನೆ ಅಂತ ನೀವು ತಿಳಿಯಬೇಡಿ. ಹೊಸದು ಗಾಡಿ. ಪೇಟೆಯ ಹತ್ತರಲ್ಲಿ ಒಂಬತ್ತು ಪಾಲು ವಯಸ್ಸು ನಡಿಗೆಯಲ್ಲೇ ಕಳೆದಿದೆ. ಈಗಲೂ ವರ್ಷಕ್ಕೆ ಕೆಲವು ದಿನ ಅದು ಹಳೇ ರೂಪಕ್ಕೆ ತಿರುಗುತ್ತದೆ. ಗಣಪತಿ ನೋಡಲು ಮರಾಠಾ ಗಲ್ಲಿಗೂ ದಾಜಿಬಾನ ಪೇಟೆಗೂ ಜನ ಬಂದಾಗ, ರಾತ್ರಿ ಆ ಗದ್ದಲದಲ್ಲಿ ಯಾರು ಬೈಕ್ ತರುತ್ತಾರೆ? ರಂಗಪಂಚಮಿ ದಿನ ಹಲಗೆ ಬಡಿಯುವವರ ನಡುವೆ ಯಾವ ಕಾರು ಬರುತ್ತದೆ? ಅವತ್ತು ಯಾರೂ ಆಕಾಶ ಕಳಚಿ ಬಿತ್ತು ಅನ್ನುವುದಿಲ್ಲ. ಗಾಡಿ ಆಚೆ ನಿಲ್ಲಿಸಿ ನಡೆದು ಬರುತ್ತಾರೆ. ಬರಲು ಆಗುತ್ತದೆ ಅಂತ ಅಲ್ಲಿಗೇ ಗೊತ್ತಾಯಿತಲ್ಲ.

ನಮ್ಮ ಅಂಗಡಿಕಾರರ ಹೆದರಿಕೆ ನನಗೆ ಗೊತ್ತು. ಗಾಡಿ ಬಿಡದಿದ್ದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಮಾಲ್‌ಗೆ ಹೋಗುತ್ತಾನೆ, ಮೊಬೈಲಿನಲ್ಲಿ ತರಿಸುತ್ತಾನೆ. ನನಗೂ ಈ ಹೆದರಿಕೆ ಇತ್ತು. ಅದಕ್ಕೇ ಒಂದು ಶನಿವಾರ ಒಂದು ಆಟ ಆಡಿದೆ. ಗಾದಿಯ ಪಕ್ಕ ಒಂದು ದೊಡ್ಡ ಹಿತ್ತಾಳೆ ತಂಬಿಗೆ, ಒಂದು ಸಣ್ಣ ಲೋಟ ಇಟ್ಟುಕೊಂಡು, ಒಂದು ಸೇರು ಹುಣಸೆ ಬೀಜ ತರಿಸಿದೆ. ಅಂಗಡಿ ಮುಂದೆ ನಡೆದು ಹೋದವರಿಗೆ ತಂಬಿಗೆಯಲ್ಲಿ ಒಂದು ಬೀಜ. ಗಾಡಿ ಮೇಲೆ ಹೋದವರಿಗೆ ಲೋಟದಲ್ಲಿ ಒಂದು. ಆರು ಗಂಟೆಗೆ ಶುರು ಮಾಡಿದೆ. ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ತಂಬಿಗೆ ತುಂಬಿ ಬೀಜ ನೆಲಕ್ಕೆ ಬೀಳತೊಡಗಿತು. ಲೋಟ ಅರ್ಧವೂ ತುಂಬಿರಲಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಲೋಟದ ಮಂದಿಯಲ್ಲಿ ಗಾಡಿ ನಿಲ್ಲಿಸಿ ಯಾವುದಾದರೂ ಅಂಗಡಿ ಹತ್ತಿದವರು ಬೆರಳೆಣಿಕೆ. ಉಳಿದವರು ಅತ್ತ ಸಿಗ್ನಲ್ ತಪ್ಪಿಸಲು ಇತ್ತ ಗಲ್ಲಿ ಹಿಡಿದವರು. ನಮ್ಮ ಗಿರಾಕಿಗಳೇ ಅಲ್ಲ! ಅವರಿಗಾಗಿ ನಾವು ನಮ್ಮ ಗಿರಾಕಿಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೇವೆ.

ಇದು ಬರೀ ನನ್ನ ತಂಬಿಗೆ ಲೆಕ್ಕ ಅಂತ ತಳ್ಳಿ ಹಾಕಬೇಡಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಟ್ರೋಯೆಟ್ ಅಂತ ಒಂದು ಪೇಟೆ ಬೀದಿ ಇದೆ. ಸುಮಾರು 1.1 ಕಿಲೋಮೀಟರ್ ಉದ್ದ. ಅದೂ ಒಂದೇ ಬೀದಿ ಅಲ್ಲ, ನಮ್ಮ ಹಾಗೆ ಒಂದರ ಬಾಲಕ್ಕೆ ಒಂದು ಕೂಡಿದ ಹಳೇ ಬೀದಿಗಳು. ಮೊದಲು ಕ್ರಿಸ್‌ಮಸ್ ಸಂತೆ ಹೊತ್ತಿಗೆ ಮಾತ್ರ ಅಲ್ಲಿ ಗಾಡಿ ಬಂದ್ ಮಾಡುತ್ತಿದ್ದರು, ನಮ್ಮ ಗಣಪತಿ ಲೆಕ್ಕದಲ್ಲಿ. 1962ರ ನವೆಂಬರ್ 17ಕ್ಕೆ ಪರೀಕ್ಷೆಗೆ ಅಂತ ದಿನವೂ ಬಂದ್ ಮಾಡಿದರು. ಅಂಗಡಿಯವರು ನಮ್ಮ ಹಾಗೇ ಕೂಗಾಡಿದರು, ವ್ಯಾಪಾರ ಸತ್ತಿತು ಅಂದರು. ಈ ಚಳಿಯಲ್ಲಿ ಬೀದಿಯಲ್ಲಿ ಅಡ್ಡಾಡಲು ನಾವೇನು ಇಟಲಿಯವರಾ ಅಂತಲೂ ಕೇಳಿದರು. ಎರಡು ವರ್ಷದಲ್ಲಿ, 1964ಕ್ಕೆ, ಅದನ್ನು ಕಾಯಂ ಮಾಡಿದರು. ವ್ಯಾಪಾರ ಸಾಯಲಿಲ್ಲ. ಯಾನ್ ಗೇಲ್ ಅನ್ನುವ ವಾಸ್ತುಶಿಲ್ಪಿ ಆ ಬೀದಿಯಲ್ಲಿ ನಿಂತು, ಎಷ್ಟು ಜನ ನಡೆದರು, ಎಷ್ಟು ಜನ ನಿಂತರು, ಎಲ್ಲಿ ಕೂತರು ಅಂತ ವರ್ಷಗಟ್ಟಲೆ ಎಣಿಸಿದರು. ಹುಣಸೆ ಬೀಜ ಇರಲಿಲ್ಲ, ಅಷ್ಟೇ. ಶುರುವಿನಲ್ಲಿ ಆ ಊರಲ್ಲಿ ಗಾಡಿ ಇಲ್ಲದ ಜಾಗ 15,800 ಚದರ ಮೀಟರ್. 2000ದ ಹೊತ್ತಿಗೆ ಅದು ಒಂದು ಲಕ್ಷ ಚದರ ಮೀಟರ್ ಹತ್ತಿರ ಬಂತು. ಒಂದೇ ಏಟಿಗೆ ಮಾಡಲಿಲ್ಲ. ಗಾಡಿ ನಿಲ್ಲಿಸುವ ಜಾಗವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಹೋದರು, ಮಂದಿಗೆ ನೋವೇ ಆಗದ ಹಾಗೆ.

ಅಷ್ಟು ದೂರ ಯಾಕೆ ಅನ್ನುತ್ತೀರಾ? ದಿಲ್ಲಿಯ ಚಾಂದನಿ ಚೌಕ ನೋಡಿ. ಅದೂ ಕೋಟೆಯ ಮುಂದಿನ ಪೇಟೆಯೇ. 1650ರ ಸುಮಾರಿಗೆ ಶಹಜಹಾನನ ಮಗಳು ಜಹನಾರಾ ಮಾಡಿಸಿದ್ದು. 2021ರಿಂದ ಕೆಂಪುಕೋಟೆ ಕಡೆಯಿಂದ ಫತೇಪುರಿ ಮಸೀದಿವರೆಗೆ 1.3 ಕಿಲೋಮೀಟರ್ ಬೀದಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬಿಡಬಾರದು ಅಂತ ಮಾಡಿದ್ದಾರೆ. ಅಲ್ಲಿಯ ಗದ್ದಲದ ಮುಂದೆ ನಮ್ಮ ಬೈಲು ಎಷ್ಟರದು? ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೂ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಗಾಡಿ ಬಂದ್ ಮಾಡಿ ನೋಡಿದ್ದರು.

ಇನ್ನು ಬೀದಿ ಬದಿಯವರ ವಿಷಯ. ಪೇಟೆ ಸುಧಾರಣೆ ಅಂತ ಮಾತು ಎದ್ದ ಕೂಡಲೇ ಮೊದಲು ಬುಟ್ಟಿ ಎತ್ತಿಸುವುದು ಹೂವಿನ ಅಕ್ಕನಿಂದ. ಹಾಗೆ ದಯವಿಟ್ಟು ಮಾಡಬೇಡಿ. ಬೈಲಿನ ಜೀವವೇ ಅವರು. ಅಂಗಡಿಗಳ ಬಾಗಿಲು ಬಿದ್ದ ಮೇಲೂ ಬೈಲು ಎದ್ದಿರುವುದು ಗಿರ್ಮಿಟ್, ಮಿರ್ಚಿ, ಪಾವ್ ಭಾಜಿ ಗಾಡಿಗಳಿಂದ. ಧಾರವಾಡದಿಂದಲೂ ತಿನ್ನಲು ಇಲ್ಲಿಗೆ ಬರುತ್ತಾರೆ, ಧಾರವಾಡದವರು ಒಪ್ಪಲಿಕ್ಕಿಲ್ಲ. ಅದಿರಲಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆಯಲ್ಲ, ಅದರ ಅನುಸೂಚಿಯಲ್ಲಿ ಒಂದು ಮಾತಿದೆ. ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಜಾಸ್ತಿ ಕಾಲದಿಂದ ವ್ಯಾಪಾರ ಮಾಡುತ್ತ ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಯವರನ್ನು ಬೇರೆ ಕಡೆ ಸಾಗಿಸುವ ಹಾಗಿಲ್ಲ. ನಮ್ಮ ಗಲ್ಲಿಯ ಮೂಲೆಯಲ್ಲಿ ವೀಳ್ಯದೆಲೆ ಮಾರುವ ಅಕ್ಕ ತನ್ನ ಅತ್ತೆ ಕೂಡುತ್ತಿದ್ದ ಜಾಗದಲ್ಲೇ ಕೂಡುತ್ತಾಳೆ. ಅತ್ತೆಗೆ ಅದು ಅವರ ಅವ್ವನಿಂದ ಬಂದದ್ದು. 50 ವರ್ಷ ಯಾವತ್ತೋ ದಾಟಿದೆ. ಅದೇ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದ ಹಾಗೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ಕೂಡಿಸಿಕೊಂಡು ಮಾತಾಡಿ. ಜಾಗ ತಿಂದವರು ಅವರಲ್ಲ. ಅಕ್ಕನ ಬುಟ್ಟಿ ಹಿಡಿಯುವ ಜಾಗ ಎರಡು ಮೊಳ. ಒಂದು ಕಾರು ನಿಂತರೆ ಅಂಥ ಎಷ್ಟು ಬುಟ್ಟಿ ಕೂಡಬಹುದು, ನೀವೇ ಲೆಕ್ಕ ಹಾಕಿ.

ಜಾಗ ತಿಂದವರು ಯಾರು ಅಂತ ಕೇಳಿದರೆ, ನಾನೂ ಒಬ್ಬ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದರೆ ರಾತ್ರಿ ಒಂಬತ್ತಕ್ಕೇ ತೆಗೆಯುವುದು. ನನ್ನದೊಂದು, ನನ್ನ ಹುಡುಗನದೊಂದು. ಹನ್ನೊಂದು ತಾಸು ಎರಡು ಗಾಡಿ. ಗಲ್ಲಿ ತುಂಬ ಅಂಗಡಿಗೆ ಎರಡರಂತೆ ಗಾಡಿ ನಿಂತಿವೆ, ಒಡೆಯರು ಒಳಗೆ ಕೂತು ಗಿರಾಕಿ ಬರಲಿಲ್ಲ ಅಂತ ಹಲುಬುತ್ತಿದ್ದಾರೆ. ಅವ್ವ ಬಿದ್ದ ಮರುದಿನ ಇದು ತಲೆಗೆ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ ಅನ್ನುವುದಕ್ಕೆ ನಾಚಿಕೆ ಇದೆ.

ನಾನು ಕೇಳುವುದು ದೊಡ್ಡದಲ್ಲ. ಮೊದಲಿಗೆ ಗ್ರಾನೈಟ್ ತರಬೇಡಿ. ಕಮಾನು, ಬಣ್ಣದ ದೀಪ, ಕಾರಂಜಿ ಯಾವುದೂ ಬೇಡ. ನುಣುಪು ಕಲ್ಲು ಹಾಕಿದರೆ ಮಳೆಗಾಲದಲ್ಲಿ ನಮ್ಮವ್ವನಂಥವರು ಬೈಕ್ ಇಲ್ಲದೆಯೂ ಬೀಳುತ್ತಾರೆ. ವರ್ಷಗಟ್ಟಲೆ ಅಗೆದು ಇಟ್ಟರೆ ವ್ಯಾಪಾರಕ್ಕೆ ನಿಜವಾಗಲೂ ಏಟು ಬೀಳುತ್ತದೆ. ಒಂದು ಹಗ್ಗ ಸಾಕು. ಕೊಪ್ಪಿಕರ ರಸ್ತೆಯ ಕಡೆಯಿಂದ, ಬ್ರಾಡ್‌ವೇ ಕಡೆಯಿಂದ, ಉಳಿದ ಬಾಯಿಗಳಿಂದ ಗಾಡಿ ಒಳಗೆ ಬರುವಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಹಗ್ಗ ಕಟ್ಟಿ. ಪ್ರತಿ ಹಗ್ಗಕ್ಕೂ ಒಬ್ಬ ಮನುಷ್ಯ.

ಯಾವಾಗ? ಆಷಾಢದಲ್ಲಿ ಮಾಡಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಜವಳಿಯವರೂ ಭಾಂಡೆಯವರೂ ನೊಣ ಹೊಡೆಯುತ್ತ ಕೂತಿರುತ್ತೇವೆ. ಕಳೆದುಕೊಳ್ಳುವುದು ಕಡಿಮೆ ಇರುವ ತಿಂಗಳಲ್ಲಿ ಪರೀಕ್ಷೆ ಮಾಡಿದರೆ ಅಂಗಡಿಕಾರರು ಜಾಸ್ತಿ ಕೂಗುವುದಿಲ್ಲ. ಜಿಟಿಜಿಟಿ ಮಳೆ ಇರುತ್ತದೆ, ನಿಜ. ಮಳೆಯಲ್ಲೂ ನಡೆದರೆ ಮುಂದಿನದು ಸಲೀಸು. ಆ ತಿಂಗಳು ಯಾರನ್ನಾದರೂ ಕೂಡಿಸಿ ಜನರನ್ನು ಎಣಿಸಿ. ಹುಣಸೆ ಬೀಜ ನಾನು ಕೊಡುತ್ತೇನೆ. ಎಣಿಕೆ ಸರಿ ಬಂದರೆ ಶ್ರಾವಣಕ್ಕೆ ಮುಂದುವರಿಸಿ. ಬರದಿದ್ದರೆ ಹಗ್ಗ ಬಿಚ್ಚಿ, ನಾನು ಬಾಯಿ ಮುಚ್ಚಿಕೊಂಡು ಇರುತ್ತೇನೆ.

ಸರಕು ಇಳಿಸುವ ಟೆಂಪೊಗಳು ಬೆಳಿಗ್ಗೆ ಹತ್ತರೊಳಗೆ ಬಂದು ಹೋಗಲಿ. ಆಮೇಲೆ ಬೇಕಾದರೆ ಹಮಾಲರ ಕೈಗಾಡಿ ಇದ್ದೇ ಇದೆ, ಅವರಿಗೂ ನಾಲ್ಕು ಕಾಸು ಕೂಲಿ. ಗಲ್ಲಿಯೊಳಗೆ ಮನೆ ಇರುವವರಿಗೆ ಪಾಸು ಕೊಡಿ. ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ ಬಂದರೆ ಹಗ್ಗ ಬಿಚ್ಚಲು ಒಂದು ನಿಮಿಷ. ಅದೇ ಗಾಡಿ ಈಗ ಒಳಗೆ ಬರಲು ಎಷ್ಟು ನಿಮಿಷ ಬೇಕು ಅಂತ ಯಾರಾದರೂ ನೋಡಿದ್ದೀರಾ? ನಡೆಯಲು ಆಗದವರಿಗೆ ಅಂಚಿನಿಂದ ಒಳಗೆ ಎರಡು ಬ್ಯಾಟರಿ ಗಾಡಿ ನಿಧಾನಕ್ಕೆ ಓಡಾಡಲಿ. ಹೊರಗೆ ಗಾಡಿ ನಿಲ್ಲಿಸುವ ಜಾಗ ತೋರಿಸಿ, ಅಲ್ಲಿ ದರ ಇಷ್ಟು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

ಇನ್ನೆರಡು ಮಾತು ಹೆಣ್ಣುಮಕ್ಕಳು ನನ್ನ ಕೈಯಲ್ಲಿ ಬರೆಸಿದ್ದು. ನಮ್ಮ ಅಂಗಡಿಗೆ ಬರುವ ಅಕ್ಕಂದಿರು, ಮಗಳ ಮದುವೆಗೆ ಅಂತ ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದವರು, ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಕುಡಿದರೆ ಹೋಗುವುದು ಎಲ್ಲಿ? ಬೈಲಿಗೆ ಹತ್ತಿರದಲ್ಲಿ, ಬೀಗ ಹಾಕಿರದ, ನೀರು ಬರುವ ಒಂದು ಹೆಂಗಸರ ಶೌಚಾಲಯ ಬೇಕು. ಕೂಡಲು ನಾಲ್ಕು ಕಟ್ಟೆ ಬೇಕು. ಹಿಂದೆ ಅಂಗಡಿ ಮುಂದೆ ಕಟ್ಟೆ ಇರುತ್ತಿತ್ತು, ಗಿರಾಕಿ ಅಲ್ಲದವರೂ ಕೂತು ದಣಿವು ಆರಿಸಿಕೊಂಡು ಹೋಗುತ್ತಿದ್ದರು. ನಮ್ಮ ಅಂಗಡಿಯ ಕಟ್ಟೆಯನ್ನು ಅಪ್ಪ ಒಡೆಸಿ ಶಟರ್ ಮುಂದೆ ತಂದ. ಆ ತಪ್ಪು ನಮ್ಮ ಮನೆಯದೇ.

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. ಇಷ್ಟು ಮಂದಿಯ ಊರಲ್ಲಿ ಗಾಡಿಯ ಭಯ ಇಲ್ಲದೆ, ಕೂಸನ್ನು ಕೈಬಿಟ್ಟು ನಡೆಸಬಹುದಾದ ಒಂದು ಪೇಟೆ ಬೀದಿ ಕೇಳುತ್ತಿದ್ದೇನೆ. ದಿನಕ್ಕೆ ಐದು ತಾಸು.

ಮುಂದಿನ ಸೋಮವಾರದಿಂದ ನನ್ನ ಸ್ಕೂಟರ್ ಗಲ್ಲಿಯೊಳಗೆ ಬರುವುದಿಲ್ಲ. ಹುಡುಗನಿಗೂ ಹೇಳಿದ್ದೇನೆ. ಪಕ್ಕದ ಎರಡು ಅಂಗಡಿಯವರು ನೋಡೋಣ ಅಂದಿದ್ದಾರೆ, ಮೂರನೆಯವರು ನಕ್ಕರು. ನೀವು ಕರೆದರೆ ಯಾವ ಕಚೇರಿಗಾದರೂ ಬರುತ್ತೇನೆ, ನಡೆದೇ ಬರುತ್ತೇನೆ.

ಅವ್ವನ ಮುಂಗೈ ಕೂಡಿದೆ, ಆದರೆ ಇನ್ನೂ ಪೂರಾ ತಿರುಗುವುದಿಲ್ಲ. ರೊಟ್ಟಿ ಬಡಿಯಲು ಆಗುವುದಿಲ್ಲ ಅನ್ನುವುದೊಂದೇ ಅವಳ ಕೊರಗು. ಈ ಪಂಚಮಿಗೆ ಕೊಬ್ಬರಿ ಬಟ್ಟಲು ನಾನೇ ತಂದು ಕೊಡುತ್ತೇನೆ ಅಂದೆ. "ನಿನಗ ಆರಸಾಕ ಬರೂದಿಲ್ಲ, ನಾನs ಬರ್ತೀನಿ" ಅಂದಳು. ಹಗ್ಗ ಯಾವ ದಿನದಿಂದ ಕಟ್ಟುತ್ತೀರಿ ಅಂತ ತಿಳಿಸಿದರೆ ಅವಳಿಗೆ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಂಚಗಾರ ಗಲ್ಲಿಯ ಒಬ್ಬ ಭಾಂಡೆ ಅಂಗಡಿಯವ
ಹುಬ್ಬಳ್ಳಿ